ಯಾವ ಬಂಡಿ, ಬೀಗತಿಯವ್ರ?

ನನ್ನ ಮೊಮ್ಮಗಳು ಬಾದಾಮಿಯ ಸೈಕಲ್ ಸ್ಪರ್ಧೆಯಲ್ಲಿ ಆಯ್ಕೆಯಾದದ್ದು ಹೆಗಲಿನಿಂದ. ಟೈರಿನಿಂದ ಅಲ್ಲ. ಟೈರನ್ನು ನಾವಿಬ್ಬರು ಮುದುಕಿಯರು ಕೂಡಿ ಕೆಡಿಸಿ ಇಟ್ಟಿದ್ದೆವು. ನಡೆದದ್ದು ಇಷ್ಟೇ.

ಆದರೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಬೇರೆ ಕತೆ ಓಡಾಡುತ್ತಿದೆ. ಆಯಿ, ಅಂದರೆ ನಾನು, ಅಡಕತ್ತರಿ ಹಿಡಿದು ಟೈರು ಕೆತ್ತಿದಳು, ಅದಕ್ಕೇ ಹುಡುಗಿ ಗುಡ್ಡ ಹಾರಿ ಬಂದಳು ಅಂತ ನನ್ನ ಸೊಸೆ ನಳದ ಮುಂದೆ ಹೇಳುತ್ತಾಳೆ. ಬಾದಾಮಿ ಕಡೆ ನನ್ನ ಬೀಗತಿ, ಅಂದರೆ ಸೊಸೆಯ ತಾಯಿ, ಇದೇ ಕತೆಯನ್ನು ನನ್ನನ್ನು ತೆಗೆದುಹಾಕಿ ಹೇಳುತ್ತಾಳಂತೆ. ಹೀಗಾಗಿ ನಾನೇ ಬರೆದು ಇಡುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕಾಗುಣಿತ ಬೇಕಾದರೆ ತಿದ್ದು, ಮಾತು ತಿದ್ದಬೇಡ ಅಂತ ಮೊಮ್ಮಗಳಿಗೆ ತಾಕೀತು ಮಾಡಿದ್ದೇನೆ.

ನಮ್ಮದು ನೇಕಾರರ ಮನೆ. ಮುಂದಿನ ಖೋಲಿಯಲ್ಲಿ ಮಗನ ಪವರ್‌ಲೂಮ್, ಹಿಂದೆ ಅಡುಗೆಮನೆ, ನಡುವೆ ನಾನು ಕಂಡಿಕೆಗೆ ನೂಲು ಸುತ್ತುತ್ತಾ ಕೂರುವ ಜಾಗ. ಈ ನಡುವಿನ ಜಾಗಕ್ಕೇ ಮೊಮ್ಮಗಳು ಸೈಕಲ್ ತಂದು ನಿಲ್ಲಿಸುವುದು. ಬಾಗಲಕೋಟೆಯಲ್ಲಿ ಕಾಲೇಜು ಕಲಿಯುತ್ತಾಳೆ. ಅಲ್ಲಿಯೇ ಒಬ್ಬ ಕೋಚ್ ಹತ್ತಿರ ಗುಡ್ಡದ ಸೈಕಲ್ ಕಲಿಯುತ್ತಾಳೆ. ರಜೆಗೆ ಮನೆಗೆ ಬಂದರೂ ಮನೆಯಲ್ಲಿ ಇರುವುದಿಲ್ಲ.

ಆ ಸೈಕಲ್ಲಿಗೆ ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಗಂಟೆ ಇಲ್ಲ. ಒಂದು ಚೀಲ ಜೋಳ ತರಲಿಕ್ಕೆ ಬಾರದ ಸೈಕಲ್. ಮೊದಲ ದಿನ ಅದನ್ನು ಸುತ್ತಲೂ ನೋಡಿ, "ಪೂರಾ ಆಗೂದ್ರಾಗ ಅವಸರ ಮಾಡಿ ತಂದೀಯೇನ?" ಅಂತ ಕೇಳಿದ್ದೆ. ಹುಡುಗಿ ಮುಖ ತಿರುವಿ ಸೈಕಲ್ ಹತ್ತಿ ಹೋದಳು.

ನನಗೂ ಟೈರಿಗೂ ನಂಟು ಬೆಳೆದದ್ದು ಕೆಸರಿನಿಂದ. ಒಂದು ಸಂಜೆ ಸೈಕಲ್ ತಂದು ನನ್ನ ನೂಲಿನ ಬುಟ್ಟಿಯ ಪಕ್ಕದಲ್ಲೇ ಒರಗಿಸಿದಳು. ಟೈರಿನಿಂದ ಕರೀ ಮಣ್ಣಿನ ಒಂದು ಹೆಂಟೆ ಕಳಚಿ ಬುಟ್ಟಿಯೊಳಗೆ ಬಿತ್ತು.

"ಏ ಹುಡುಗಿ, ಗುಡೂರ ಎರಿ ತಂದು ನನ್ನ ನೂಲಿನ್ಯಾಗ ಹಾಕೀದಿ! ಇದು ಹತ್ತಿದ್ರ ಸಾಯೂತನ ಹೋಗಂಗಿಲ್ಲ. ಹೊರಗ ನಿಂದ್ರಿಸು ಅದನ್ನ."

"ಗುಡೂರಿಗೆ ಹೋಗಿದ್ದೆ ಅಂತ ನಿನಗ ಹೆಂಗ ಗೊತ್ತಾತು ಆಯಿ?"

"ನನ್ನ ತವರುಮನಿ ಅದು. ಆ ಕೆಸರಿನ್ಯಾಗ ನನ್ನ ಚಪ್ಪಲ ಎಷ್ಟು ಹೋಗ್ಯಾವ ಅಂದ್ರ, ಬಗದ್ರ ಒಂದು ಅಂಗಡಿ ಇಡಬಹುದು."

ಎರಿ ಅಂದರೆ ಎರೆ ಮಣ್ಣು, ಹತ್ತಿ ಬೆಳೆಯುವ ಕರೀ ನೆಲ. ಒಣಗಿದರೆ ಕಾಲು ಹೋಗುವಷ್ಟು ಬಿರುಕು, ಒದ್ದೆಯಾದರೆ ಬೆಲ್ಲದ ಪಾಕ. ಒಂದು ಹೆಜ್ಜೆಗೆ ಒಂದು ಸೇರು ಮಣ್ಣು ಕಾಲಿಗೆ ಬರುತ್ತದೆ, ಇನ್ನೊಂದು ಹೆಜ್ಜೆಗೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಇದನ್ನು ಹುಡುಗಿಗೆ ಹೇಳಿದೆ. ಅವಳು, ಟೈರಿಗೂ ಹಾಗೇ ಆಗುತ್ತದೆ ಅಂದಳು. ಸಣ್ಣ ಸಣ್ಣ ಹಲ್ಲು ಒತ್ತೊತ್ತಾಗಿದ್ದರೆ ಹಲ್ಲಿನ ಸಂದಿಯಲ್ಲಿ ಮಣ್ಣು ತುಂಬಿ ಟೈರು ಬೋಳಾಗುತ್ತದೆ, ಜಾರುತ್ತದೆ. ಅಂಥ ನೆಲಕ್ಕೆ ಹಲ್ಲು ಎತ್ತರ ಇರಬೇಕು, ನಡುವೆ ಜಾಗ ಬಿಟ್ಟಿರಬೇಕು, ಟೈರು ಸ್ವಲ್ಪ ಸಪೂರ ಇರಬೇಕು. ಆಗ ಹಲ್ಲು ಕೆಸರಿನೊಳಗೆ ಇಳಿದು ಗಟ್ಟಿ ನೆಲ ಹುಡುಕುತ್ತದೆ, ಗಾಲಿ ತಿರುಗಿದ ಹಾಗೆ ಮಣ್ಣನ್ನು ಬಿಸಾಡುತ್ತದೆ.

ಅವಳ ಹತ್ತಿರ ಎರಡು ಜೋಡಿ ಟೈರು ಇದ್ದವು. ಅವುಗಳ ಮೈಮೇಲೆ ಬರೆದದ್ದೆಲ್ಲ ಇಂಗ್ಲಿಷ್. ನನಗೆ ಅದು ಬೇಡ. ನಮ್ಮ ಸೀರೆಯ ಸೆರಗಿನಲ್ಲಿ ಕೆಂಪು ಬಿಳಿ ಕೂಡಿಸಿ ನೇಯುವ ನಮೂನೆಗಳಿವೆ. ಒಂದು ತೆನೆ, ಜೋಳದ ತೆನೆಯ ಹಾಗೆ ಕಾಳು ಒತ್ತಿ ಕೂತಿರುತ್ತದೆ. ಇನ್ನೊಂದು ಹಣಿಗೆ, ತಲೆ ಬಾಚುವ ಹಣಿಗೆಯ ಹಾಗೆ ಹಲ್ಲು ಬಿಡಿಬಿಡಿ. ಸಣ್ಣ ಹಲ್ಲಿನ ಜೋಡಿಗೆ ನಾನು ತೆನಿ ಅಂದೆ, ದೊಡ್ಡ ಹಲ್ಲಿನದಕ್ಕೆ ಹಣಗಿ ಅಂದೆ. ಹುಡುಗಿ ಮೊದಲು ನಕ್ಕಳು, ಆಮೇಲೆ ಅವಳೂ ಹಾಗೇ ಕರೆಯತೊಡಗಿದಳು. ಒಂದು ಸಲ ಕೋಚ್ ಫೋನಿನಲ್ಲಿ, "ನಾಳೆ ಹಣಗಿ ಬ್ಯಾಡ, ತೆನಿ ಹಾಕ್ಕೊಂಡು ಬಾ" ಅಂದದ್ದನ್ನು ನಾನೇ ಕೇಳಿದೆ. ಎಷ್ಟೋ ವರ್ಷ ಸೀರೆ ಮಾಡಿದ್ದಕ್ಕಿಂತ ಅವತ್ತು ಹೆಚ್ಚು ಖುಷಿಯಾಯಿತು.

ತೆನೆ ಟೈರು ಗಟ್ಟಿ ನೆಲದ್ದು. ತುಳಸಿಗೇರಿಯ ಹಣಮಪ್ಪನಿಗೆ ನಡೆದು ಹೋಗುವ ಜನ ತುಳಿದು ತುಳಿದು ಸಿಮೆಂಟು ಮಾಡಿಟ್ಟ ಕಾಲುದಾರಿ ಇದೆಯಲ್ಲ, ಅಂಥದ್ದರ ಮೇಲೆ ಅದು ಸುಂಯ್ ಅಂತ ಓಡುತ್ತದೆ. ಕಲ್ಲಿನ ಮೇಲೂ ಅದೇ ಬೇಕು, ಆದರೆ ರಬ್ಬರು ಮೆತ್ತಗಿರಬೇಕು, ಗಾಳಿ ಕಡಿಮೆ ಇರಬೇಕು. ಆಗ ಟೈರು ಕಲ್ಲನ್ನು ಹಲ್ಲಿಯ ಹಾಗೆ ಹಿಡಿದುಕೊಳ್ಳುತ್ತದೆ. ಗಾಳಿ ತೀರಾ ಕಡಿಮೆಯಾದರೆ ಒಳಗಿನ ರಿಮ್ಮು ಕಲ್ಲಿಗೆ ಬಡಿಯುತ್ತದೆ. ಎಷ್ಟು ಅಂತ ನೋಡಲಿಕ್ಕೆ ಅವಳ ಹತ್ತಿರ ಮುಳ್ಳು ತಿರುಗುವ ಡಬ್ಬಿ ಇದೆ. ನಾನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಕಲ್ಲಿಗೆ ಮತ್ತು ಹಳ್ಳದ ಉಸುಕಿಗೆ ರೊಟ್ಟಿ ಹಿಟ್ಟಿನ ಹಾಗೆ, ಗಟ್ಟಿ ದಾರಿಗೆ ಒಣಕೊಬ್ಬರಿಯ ಹಾಗೆ. ಡಬ್ಬಿಗೂ ನನಗೂ ಎಷ್ಟೋ ಸಲ ಹೊಂದುವುದಿಲ್ಲ. ಹುಡುಗಿ ಡಬ್ಬಿಯ ಮಾತು ಕೇಳುತ್ತಾಳೆ.

ಹುನಗುಂದದ ಕಡೆ ಗರಸು ಇದೆ, ಗಟ್ಟಿ ನೆಲದ ಮೇಲೆ ಸಡಿಲು ಹರಳು. ಅಲ್ಲಿಗೆ ಅವಳು ಮುಂದೆ ಹಣಿಗೆ, ಹಿಂದೆ ತೆನೆ ಹಾಕುತ್ತಾಳೆ. ತಿರುವಿನಲ್ಲಿ ಮುಂದಿನ ಗಾಲಿ ಜಾರಿದರೆ ಬಾಯೊಳಗಿನ ಹಲ್ಲು ಮುರಿಯುತ್ತದಂತೆ, ಹಿಂದಿನದು ಜಾರಿದರೆ ನಗಬಹುದಂತೆ. ಎಡಗಾಲಿಗೆ ಒಂದು ಚಪ್ಪಲಿ ಬಲಗಾಲಿಗೆ ಇನ್ನೊಂದು ಹಾಕಿಕೊಂಡು ಮದುವೆಗೆ ಹೋದ ಹಾಗೆ ಕಾಣುತ್ತದೆ ಅಂದೆ. "ಮದುವಿಗೆ ಯಾರು ಹೊಂಟಾರ ಆಯಿ" ಅಂದಳು.

ಟೈರಿನೊಳಗೆ ಟ್ಯೂಬಿಲ್ಲ. ಜಾಲಿ ಮುಳ್ಳು ಚುಚ್ಚಿದರೆ ತಾನೇ ಮುಚ್ಚಿಕೊಳ್ಳಲಿ ಅಂತ ಬೆಳ್ಳಗಿನ ಒಂದು ರಸ ಹಾಕುತ್ತಾರೆ. ನೋಡಲಿಕ್ಕೆ ಥೇಟ್ ಹಾಲು. ಅದರ ಬಾಟಲಿಯನ್ನು ಹುಡುಗಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದಳು. ಬೀಗತಿ ನಮ್ಮ ಮನೆಗೆ ಬಂದಾಗ, ನಾನು ಮಾಡುವ ಚಹಾ ನೀರಿನ ಹಾಗಿರುತ್ತದೆ ಅಂತ ತಾನೇ ಒಲೆಯ ಮುಂದೆ ನಿಂತಳು. ಆ ಬಾಟಲಿಯ ಮುಚ್ಚಳ ತಿರುವಿದಳು. ನಾನು ನೋಡಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ. ಬಾಟಲಿ ಬಗ್ಗಿಸಿದ ಮೇಲೆ, "ಬೀಗತಿಯವ್ರ, ಅದು ಟೈರಿಗೆ ಹಾಕೂದ್ರಿ" ಅಂದೆ.

"ಮೊದಲ ಹೇಳಾಕ ಏನಾಗಿತ್ರಿ ನಿಮಗ?"

"ನಿಮ್ಮ ಮೊಣಕಾಲಿಗೂ ಚಲೋ ಆಗಬಹುದು ಅಂತ ಬಿಟ್ಟೆ."

ಆಕೆ ಅದನ್ನು ಮರೆತಿಲ್ಲ. ಬೀಗತಿ ಮತ್ತು ನಾನು ಹೀಗೆ ಇರುವವರು ಅಂತ ತಿಳಿಯಲಿ ಅಂತ ಬರೆದೆ.

ಈಗ ಬಾದಾಮಿಯ ವಿಷಯ. ಜಿಲ್ಲೆಯ ಸ್ಪರ್ಧೆ ಅಲ್ಲಿ ಇಟ್ಟಿದ್ದರು. ಅದರಲ್ಲಿ ಮೊದಲು ಬರುವ ಮೂವರು ಹುಡುಗಿಯರು ರಾಜ್ಯದ ಸ್ಪರ್ಧೆಗೆ ಹೋಗುತ್ತಾರೆ. ಹೋದ ವರ್ಷ ನನ್ನ ಮೊಮ್ಮಗಳು ನಾಲ್ಕನೆಯವಳಾಗಿ ಬಂದಿದ್ದಳು. ಮೂರನೆಯವಳ ಬೆನ್ನು ನೋಡುತ್ತಾ ಗೆರೆ ದಾಟಿದಳಂತೆ. ಈ ವರ್ಷ ಬಿಟ್ಟರೆ ವಯಸ್ಸಿನ ಲೆಕ್ಕದಲ್ಲಿ ಆ ಗುಂಪಿನಲ್ಲಿ ಮತ್ತೆ ಓಡಿಸಲಿಕ್ಕೆ ಬರುವುದಿಲ್ಲ. ಆಮೇಲೆ ದೊಡ್ಡವರ ಗುಂಪು. ಅಲ್ಲಿ ಕಾಲು ಕಂಬದ ಹಾಗಿರುವ ಹೆಂಗಸರು ಬರುತ್ತಾರಂತೆ. ಹುಡುಗಿ ಊಟಕ್ಕೆ ಕೂತಾಗ ರೊಟ್ಟಿಯ ಮೇಲೆ ಬೆರಳಿನಿಂದ ದಾರಿಯ ತಿರುವು ಬರೆಯುತ್ತಿದ್ದಳು. ಪಲ್ಯ ತಣ್ಣಗಾಗುತ್ತಿತ್ತು.

ಈ ಸಲ ದಾರಿ ಹೊಸದು. ಹಿಂದಿನ ಸಂಜೆಯವರೆಗೆ ಯಾರಿಗೂ ತೋರಿಸುವುದಿಲ್ಲ, ಆಗಲೂ ಶುರುವಿನ ಅರ್ಧ ಮಾತ್ರ. ಯಾವ ಟೈರು ಹಾಕುವುದು ಅಂತ ತಿಳಿಯಬೇಕಾದರೆ ನೆಲ ತಿಳಿಯಬೇಕು. ಅಷ್ಟರಲ್ಲಿ ಸೊಸೆ ಸುದ್ದಿ ತಂದಳು, ಸ್ಪರ್ಧೆಯವರು ಗಿಡಗಳಿಗೆ ರಿಬ್ಬನ್ ಕಟ್ಟುತ್ತಿರುವುದು ತನ್ನ ತವರಿನ ಹಿತ್ತಲಿನ ಹಿಂದೆಯೇ ಅಂತ. ಬೀಗತಿಯ ಊರು ಬಾದಾಮಿಯ ಆಚೆ, ಗುಡ್ಡದ ಬುಡಕ್ಕೆ. ನಾನೇ ಫೋನು ಹಚ್ಚಿಸಿಕೊಂಡೆ. ನೆಲದ ಮಾತು ನೆಲ ತುಳಿದವರು ಕೇಳಬೇಕು ಅಂತ ನನ್ನ ಜಂಬ.

"ಹೆಂಗದೀರಿ ಬೀಗತಿಯವ್ರ?"

"ಅದೀನ್ರಿ. ಮೊಣಕಾಲು ಒಂದು ಕುಂದ್ರಾಕ ಬಿಡವಲ್ದು."

"ಮೊಣಕಾಲಿಂದು ಆಮ್ಯಾಲ ಹೇಳ್ರಿ. ನಿಮ್ಮ ಹಿತ್ತಲ ಹಿಂದ ರಿಬ್ಬನ್ ಕಟ್ಯಾರಲ್ಲ, ಆ ದಾರಿ ಹೆಂಗೈತಿ?"

"ಅದೇನ ದಾರಿ ಅಂತ ಕೇಳ್ತೀರಿ. ಪೂರಾ ಬಂಡಿ ದಾರಿ. ಗುಡ್ಡದ ಆಚಿತನ ಬರೇ ಬಂಡಿ ದಾರಿ."

"ಮಳಿ?"

"ನಿನ್ನಿ ಮಧ್ಯಾಹ್ನದಿಂದ ಹೊಡ್ಯಾಕತ್ತೈತ್ರಿ. ಆಡಿನ್ನೂ ಹೊರಗ ಬಿಟ್ಟಿಲ್ಲ."

ಇನ್ನೇನು ಬೇಕು? ಬಂಡಿ ದಾರಿ ಅಂದರೆ ಎತ್ತು ಹೂಡಿದ ಬಂಡಿ ಹೋಗಿ ಹೋಗಿ ಎರಡು ಗಾಲಿಯ ಗುಂಡಿ ಬಿದ್ದ ಹೊಲದ ದಾರಿ. ಅದರ ಮೇಲೆ ಮಳೆ. ನಾನು ಫೋನು ಇಟ್ಟು, "ಹಣಗಿ ಹಾಕು. ಎರಡೂ ಗಾಲಿಗೆ ಹಣಗಿ" ಅಂದೆ. ಸೊಸೆ ಬಾದಾಮಿ ಕಡೆಯವಳು, ಅವಳು ತಾಯಿಯ ಮಾತು ಕೇಳಿಸಿಕೊಂಡಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು. ಆದರೆ ಫೋನು ನನ್ನ ಕಿವಿಯಲ್ಲಿತ್ತು, ಮಗ ಆಗಷ್ಟೇ ಮಗ್ಗ ಚಾಲೂ ಮಾಡಿದ್ದ. ಮಗ್ಗ ಓಡುವಾಗ ನಮ್ಮ ಮನೆಯಲ್ಲಿ ಗುಡುಗಿದರೂ ಕೇಳಿಸುವುದಿಲ್ಲ.

ತೆನೆಯ ಜೋಡಿಯನ್ನೂ ಒಯ್ಯುತ್ತೇನೆ ಅಂತ ಹುಡುಗಿ ಅಂದಳಂತೆ. ಟೆಂಪೋದಲ್ಲಿ ಜಾಗವಿಲ್ಲ, ಯಾಕೆ ಸುಮ್ಮನೆ ಹೊರೆ ಅಂತ ಬೇಡ ಅಂದವಳು ನಾನೇ ಅಂತ ಸೊಸೆ ಈಗಲೂ ಹೇಳುತ್ತಾಳೆ. ನನಗೆ ನೆನಪಿಲ್ಲ.

ಬಾದಾಮಿಗೆ ಸೀರೆಯ ಗಂಟು ಒಯ್ಯುವ ಟೆಂಪೋ ಒಂದಿತ್ತು. ಅದರಲ್ಲಿ ಸೈಕಲ್, ಹುಡುಗಿ, ಸೊಸೆ, ನಾನು ಹೊರಟೆವು. ಗುಡೂರು ದಾಟುವವರೆಗೆ ಎರಡೂ ಕಡೆ ಎರೆ ಹೊಲ ನೀರು ಕುಡಿದು ಕಪ್ಪಗೆ ಬಿದ್ದಿತ್ತು. ನೋಡು, ನೋಡು ಅಂತ ನಾನು ಹುಡುಗಿಗೆ ಬೆರಳು ತೋರಿಸುತ್ತಲೇ ಹೋದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ದಾರಿಯುದ್ದಕ್ಕೂ ಕೂತಿದ್ದೆ.

ಬೀಗತಿಯ ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು, ಮಳೆ ನಿಂತು ಬಿಸಿಲು ಬಿದ್ದಿತ್ತು. ಚಹಾ ಕುಡಿದು ಹಿತ್ತಲ ಬಾಗಿಲು ತೆಗೆದು ಹೊರಗೆ ಬಂದೆವು. ಜಾಲಿ ಗಿಡಕ್ಕೆ ಕೆಂಪು ರಿಬ್ಬನ್ ಕಟ್ಟಿತ್ತು. ಅದರ ಕೆಳಗಿನಿಂದ ಗುಡ್ಡದ ನೆತ್ತಿಯವರೆಗೆ ಒಂದೇ ಕಲ್ಲು. ಕೆಂಪನೆಯ ಹಾಸುಗಲ್ಲು, ಮಳೆಯಲ್ಲಿ ತೊಳೆದು ಬಿಸಿಲಿಗೆ ಒಣಗಿ, ಒಂದು ಚಿಟಿಕೆ ಮಣ್ಣಿಲ್ಲದೆ ನಮ್ಮನ್ನು ನೋಡಿ ಹೊಳೆಯುತ್ತಿತ್ತು.

"ಬಂಡಿ ದಾರಿ ಅಂದಿದ್ರಲ್ರಿ!" ಅಂದೆ.

"ಮತ್ತ ಇದೇನು? ಬಂಡಿ ಅಲ್ಲೇನು? ಕಾಲಾಗ ಬಿದ್ದೈತಿ, ಕಾಣವಲ್ದೇನ್ರಿ ನಿಮಗ?"

ಆಗ ತಿಳಿಯಿತು. ನಮ್ಮ ಬಾಯಲ್ಲಿ ಮನೆ ಮನಿ ಆಗುತ್ತದೆ, ಬಂಡೆ ಬಂಡಿ ಆಗುತ್ತದೆ. ಆಕೆ ಹೇಳಿದ್ದು ಕಲ್ಲುಬಂಡೆ. ನಾನು ಕೇಳಿಸಿಕೊಂಡದ್ದು ಎತ್ತಿನ ಬಂಡಿ.

"ಇದಕ್ಕ ಕಲ್ಲು ಅನ್ರಿ! ಬಂಡಿ ಅಂದ್ರ ಎತ್ತು ಹೂಡೂದು!"

"ಎತ್ತು ಹೂಡೂದಕ್ಕ ಚಕ್ಕಡಿ ಅಂತಾರ. ನಮ್ಮೂರಾಗ ತೊಟ್ಟಿಲದಾಗಿನ ಕೂಸಿಗೂ ಗೊತ್ತೈತಿ."

"ನಮ್ಮ ಕಡೆ ಬಂಡಿ ಅಂತೇವಿ."

"ನಿಮ್ಮ ಕಡೆದು ನಿಮ್ಮ ಕಡೆ ಇಟ್ಕೊಳ್ರಿ. ದಾರಿ ನಮ್ಮ ಕಡೆ ಐತಿ."

ಸೊಸೆ ನಡುವೆ ಬಂದು, "ಅವ್ವಾ, ಅತ್ತಿ, ಸುಮ್ಕಾಗ್ರಿ ಇಬ್ರೂ" ಅಂದಳು. ಯಾರೂ ಸುಮ್ಮನಾಗಲಿಲ್ಲ. ಹುಡುಗಿ ಆ ಕಲ್ಲಿನ ಮೇಲೆ ಸೈಕಲ್ ಹತ್ತಿದಳು. ಹಣಿಗೆಯ ಎತ್ತರದ ಹಲ್ಲು ಕಲ್ಲಿನ ಮೇಲೆ ಚುಚ್ಚಲಿಕ್ಕೆ ಏನೂ ಸಿಗದೆ ಆ ಕಡೆ ಈ ಕಡೆ ಬಾಗಿದವು. ತಿರುವಿನಲ್ಲಿ ಸೈಕಲ್ ಕುಡಿದವನ ಹಾಗೆ ವಾಲಿತು. ಕೆಳಗಿಳಿದು, ಕಲ್ಲಿನ ಮೇಲೆ ಅಂಗೈ ಇಟ್ಟು ಕೂತಳು. ಅತ್ತಿದ್ದರೆ ಬೈದು ಎಬ್ಬಿಸುತ್ತಿದ್ದೆ. ಅಳಲಿಲ್ಲ. ಅದು ಇನ್ನೂ ಕಷ್ಟ.

ಇಳಕಲ್ಲಿಗೆ ಫೋನು ಮಾಡಿದೆವು. ಬೆಳಗಿನ ಮೊದಲ ಬಸ್ಸಿಗೆ ತೆನೆ ಟೈರು ಇಡುತ್ತೇನೆ ಅಂದ ಮಗ. ಆ ಬಸ್ಸು ಬಾದಾಮಿ ಮುಟ್ಟುವುದರೊಳಗೆ ಸ್ಪರ್ಧೆ ಮುಗಿದಿರುತ್ತದೆ. ಬೀಗತಿ ಕುಳಗೇರಿ ಕ್ರಾಸಿನಲ್ಲಿ ತನಗೆ ಗುರುತಿನ ಪಂಕ್ಚರ್ ಅಂಗಡಿಗೆ ಫೋನು ಮಾಡಿದಳು. ಗುಡ್ಡ ಹತ್ತುವ ಟೈರು ಇದೆಯೇ ಅಂತ ಕೇಳಿದಳು. "ಟ್ರ್ಯಾಕ್ಟರಿಂದು ಐತ್ರಿ ಅಮ್ಮಾರ, ಎಂಥಾ ಗುಡ್ಡನೂ ಹತ್ತತೈತಿ" ಅಂದನಂತೆ.

ಕೊನೆಗೆ ಹುಡುಗಿ ಕೋಚ್‌ಗೆ ಫೋನು ಮಾಡಿದಳು. ಅವನು ಬೈದನೋ ಏನೋ, ಅವಳ ಮುಖ ನೋಡಿದರೆ ಬೈದ ಹಾಗೇ ಇತ್ತು. ಅವನ ಹತ್ತಿರವೂ ಬೇರೆ ಟೈರು ಇರಲಿಲ್ಲ, ಆಮೇಲೆ ಒಂದು ದಾರಿ ಹೇಳಿದನಂತೆ. ನಡುವಿನ ಎತ್ತರದ ಹಲ್ಲುಗಳನ್ನು ಅರ್ಧಕ್ಕೆ ಕತ್ತರಿಸಬೇಕು. ಗಿಡ್ಡ ಹಲ್ಲು ಬಾಗುವುದಿಲ್ಲ, ಕಲ್ಲಿನ ಮೇಲೆ ಅಷ್ಟಿಷ್ಟು ಹಿಡಿಯುತ್ತದೆ. ಅಂಚಿನ ಹಲ್ಲು ಮಾತ್ರ ಮುಟ್ಟಬಾರದು, ತಿರುವಿನಲ್ಲಿ ಸೈಕಲ್ ನಿಲ್ಲುವುದೇ ಅವುಗಳ ಮೇಲೆ.

ಕತ್ತರಿಸುವುದು ಯಾತರಿಂದ? ಈಳಿಗೆ ಜಾರಿತು. ಕುಡುಗೋಲು ಟೈರಿಗೇ ಹೊಕ್ಕೀತು ಅಂತ ಹೆದರಿಕೆ. ಬ್ಲೇಡು ಮುರಿಯಿತು. ಆಗ ಬೀಗತಿ ಸೊಂಟದ ಎಲೆ ಚೀಲದಿಂದ ತನ್ನ ಅಡಕತ್ತರಿ ತೆಗೆದಳು. ಆಕೆಯ ತವರಿನಿಂದ ಬಂದದ್ದು, ಹಿಡಿಕೆ ನವಿಲಿನ ಕುತ್ತಿಗೆಯ ಹಾಗೆ. ಅಡಿಕೆಯನ್ನು ಬೆಣ್ಣೆಯ ಹಾಗೆ ಕತ್ತರಿಸುತ್ತದೆ ಅಂತ ಎಲ್ಲರ ಮುಂದೆ ಹೇಳುತ್ತಾಳೆ, ಯಾರ ಕೈಗೂ ಕೊಡುವುದಿಲ್ಲ. ಅದರ ಬಾಯಿಗೆ ಒಂದು ಹಲ್ಲು ಕೊಟ್ಟು ಒತ್ತಿದಳು. ಕಟಕ್. ರಬ್ಬರಿನ ತುಂಡು ಹಾರಿ ಕೋಳಿಯ ಮುಂದೆ ಬಿತ್ತು. ಕೋಳಿ ಕುಕ್ಕಿ ನೋಡಿ, ನಮ್ಮನ್ನು ನೋಡಿ, ಹೊರಟುಹೋಯಿತು.

ಹಿಂದಿನ ಗಾಲಿ ಆಕೆ ತೆಗೆದುಕೊಂಡಳು. ಆಕೆ ಮುಗಿಸಿದ ಮೇಲೆ ಮುಂದಿನದು ನನಗೆ. ಅಡಕತ್ತರಿ ಕೊಡುವಾಗ ಕೂಸು ಕೊಟ್ಟ ಹಾಗೆ ಕೊಟ್ಟಳು.

"ಸಾವಕಾಶ ಮಾಡ್ರಿ. ಬಾಯಿ ಮೊಂಡ ಆದೀತು."

"ನಿಮ್ಮ ಬಾಯಿ ಇಷ್ಟು ವರ್ಷ ಆದ್ರೂ ಆಗಿಲ್ಲ, ಇದೇನ ಆಗತೈತಿ."

"ಅಂಚಿಂದು ಬಿಡ್ರಿ! ಅಂಚಿಂದು ಕತ್ತರಸಾಕತ್ತೀರಿ!"

"ನಡುವಿಂದರೀ ಇದು."

"ನಿಮ್ಮ ಕಡೆ ಅದಕ್ಕ ನಡು ಅಂತಾರೇನ?"

ಹುಡುಗಿ ಅವತ್ತು ಮೊದಲ ಸಲ ನಕ್ಕಳು. ಅಂಚಿನ ಹಲ್ಲುಗಳಲ್ಲಿ ಕೆಲವು ಹೋಗಿದ್ದವು. ಕೆಲವು ಅಂದರೆ ಒಂದು ಕಡೆಯ ಸಾಲು. ಹೊತ್ತು ಇಳಿಯುತ್ತಿತ್ತು, ನನ್ನ ಕನ್ನಡಕ ಇಳಕಲ್ಲಿನಲ್ಲಿತ್ತು. ಅಂಗಳದ ತುಂಬ ಕರೀ ತುಂಡು ಚೆಲ್ಲಿದ್ದವು, ಬೀಗತಿಯ ಉಡಿಯ ತುಂಬ, ಬಾಯಿ ತೆರೆದಿದ್ದ ಎಲೆ ಚೀಲದ ತುಂಬ. ಚೀಲದ ವಿಷಯ ನಾನು ನೋಡಿದೆ. ಹೇಳಬೇಕೆಂದುಕೊಂಡೆ, ಊಟಕ್ಕೆ ಕರೆದರು.

ಬೆಳಿಗ್ಗೆ ಹುಡುಗಿಯರೆಲ್ಲ ಸಾಲಾಗಿ ನಿಂತರು, ಸೀಟಿ ಊದಿದರು, ಹೊರಟರು. ನಾವು ಮೂವರು ಗುಡ್ಡದ ಬೆನ್ನಿಗೆ, ಕಲ್ಲು ಇಳಿದು ಹೊಲಕ್ಕೆ ಸೇರುವ ಕಡೆ ಒಂದು ದಿಬ್ಬದ ಮೇಲೆ ಕೂತಿದ್ದೆವು. ಅಲ್ಲಿಂದ ಮೇಲಿನ ಬಂಡೆಯೂ ಕಾಣುತ್ತಿತ್ತು, ಕೆಳಗಿನ ಹೊಲವೂ ಕಾಣುತ್ತಿತ್ತು. ಬೀಗತಿ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು.

"ಈ ಅಡಿಕಿ ಯಾಕೋ ಹರಿಯವಲ್ದಲ್ರಿ."

"ಮಳಿ ಹವಾ ನೋಡ್ರಿ" ಅಂದೆ.

ಮೊದಲ ಹುಡುಗಿಯರು ನೆತ್ತಿಯ ಮೇಲೆ ಕಂಡರು. ನಮ್ಮವಳು ಅವರಲ್ಲಿರಲಿಲ್ಲ. ಸ್ವಲ್ಪ ತಡೆದು ಕಂಡಳು, ಆರನೆಯವಳೋ ಏಳನೆಯವಳೋ. ಹಿಂದಿನ ಗಾಲಿ ಚೆನ್ನಾಗೇ ಹಿಡಿದಿತ್ತು. ಎಡಕ್ಕೆ ತಿರುಗುವ ಕಡೆ ಮುಂದಿನ ಗಾಲಿ ಸರ್ರನೆ ಜಾರಿ ಬಿದ್ದಳು. ಬೀಗತಿ ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ. ಹುಡುಗಿ ಎದ್ದಳು, ಮೊಣಕೈಯಿಂದ ರಕ್ತ ಇಳಿಯುತ್ತಿತ್ತು, ಮತ್ತೆ ಹತ್ತಿದಳು.

ಬಂಡೆ ಮುಗಿದ ಮೇಲೆ ದಾರಿ ನೇರ ಬೀಗತಿಯ ಮೈದುನನ ಹೊಲಕ್ಕೆ ಇಳಿಯಿತು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಕರೀ ನೆಲ, ನಡುವೆ ಗಾಲಿಯ ಎರಡು ಗುಂಡಿ, ಗುಂಡಿಯ ತುಂಬ ನೀರು.

"ಬೀಗತಿಯವ್ರ, ಅದೇನ್ರಿ ಅದು?"

"ಅದಾ? ಅದು ಚಕ್ಕಡಿ ದಾರಿ."

"ಅಲ್ಲಿಗೂ ರಿಬ್ಬನ್ ಕಟ್ಯಾರಲ್ರಿ!"

"ನೀವು ನಮ್ಮ ಹಿತ್ತಲ ಹಿಂದಿಂದ ಅಷ್ಟ ಕೇಳಿದ್ರಿ."



ಮುಂದಿನ ಹುಡುಗಿಯರು ಬಂಡೆಯಿಂದ ಇಳಿದ ಜೋರಿನಲ್ಲೇ ಆ ಎರೆಗೆ ನುಗ್ಗಿದರು. ಎಲ್ಲರದೂ ಸಣ್ಣ ಹಲ್ಲಿನ ಟೈರು, ಕಲ್ಲಿಗೆ ಹಾಕಿಕೊಂಡು ಬಂದದ್ದು. ಸ್ವಲ್ಪ ದೂರ ಹೋಗುವುದರೊಳಗೆ ಗಾಲಿಗಳು ಕಾಣದಾದವು, ಕರೀ ಮಣ್ಣಿನ ಎರಡೆರಡು ಮುದ್ದೆ ಕಂಡವು. ಮಣ್ಣು ಗಾಲಿಗೂ ಚೌಕಟ್ಟಿಗೂ ನಡುವೆ ತುಂಬಿ ಗಾಲಿ ನಿಂತೇಬಿಟ್ಟವು. ಒಬ್ಬಳು ತಳ್ಳಿದಳು, ಬರಲಿಲ್ಲ. ಒಬ್ಬಳು ಎತ್ತಲಿಕ್ಕೆ ಹೋದಳು, ಎಮ್ಮೆ ಕರುವಿನ ಭಾರ ಆಗಿತ್ತು. ಒಬ್ಬಳು ಬೂಟು ಕಳೆದುಕೊಂಡು ಕೈ ಹಾಕಿ ಹುಡುಕುತ್ತಿದ್ದಳು. ಗುಡೂರಿನಲ್ಲಿ ನಾನು ನಿಂತಿದ್ದ ಹಾಗೇ.

ಪೂರಾ ಹಣಿಗೆ ಇದ್ದಿದ್ದರೆ ನಮ್ಮವಳು ಅದರೊಳಗೆ ಬಾಚಿಕೊಂಡು ಹೋಗುತ್ತಿದ್ದಳು. ಆದರೆ ಹಣಿಗೆಯ ಹಲ್ಲು ನಿನ್ನೆ ಸಂಜೆ ಕೋಳಿಯ ಮುಂದೆ ಬಿದ್ದಿದ್ದವು.

ನಮ್ಮವಳು ಕೆಸರಿನ ಅಂಚಿಗೆ ಬಂದಳು. ಅದರೊಳಗೆ ಗಾಲಿ ಇಡಲೇ ಇಲ್ಲ. ಮುಂಚೆಯೇ ಇಳಿದಳು, ಮಣ್ಣು ಹತ್ತದ ಹಗುರ ಸೈಕಲ್ಲನ್ನು ಹೆಗಲಿಗೆ ಏರಿಸಿದಳು, ರಿಬ್ಬನ್‌ನ ಒಳಗೇ ಹೊಲದ ಬದುವಿನ ಮೇಲೆ ಹುಲ್ಲು ಇತ್ತು, ಅದರ ಮೇಲೆ ಓಡಿದಳು. ನಾನು "ಹೊತ್ಕೊಂಡು ಓಡು" ಅಂತ ಕೂಗಿದೆ. ಬೀಗತಿ "ಬದಾ ಹಿಡಿ" ಅಂತ ಕೂಗಿದಳು, ಬಾಯಲ್ಲಿ ರಬ್ಬರು ಇಟ್ಟುಕೊಂಡು. ಯಾರು ಮೊದಲು ಕೂಗಿದ್ದು ಅನ್ನುವುದರ ಮೇಲೆ ಇನ್ನೂ ಜಗಳ ಇದೆ. ಹುಡುಗಿಗೆ ಇಬ್ಬರದೂ ಕೇಳಿಸಿಲ್ಲವಂತೆ.

ತಳ್ಳುತ್ತಿದ್ದವಳನ್ನು ದಾಟಿದಳು, ಎತ್ತುತ್ತಿದ್ದವಳನ್ನು ದಾಟಿದಳು. ಬೂಟು ಹುಡುಕುವವಳನ್ನು ದಾಟಿದಳು. ಹೊಲದ ಆಚೆ ಗಟ್ಟಿ ನೆಲದ ಮೇಲೆ ಸೈಕಲ್ ಇಳಿಸಿ ಹತ್ತಿದಾಗ ಅವಳ ಮುಂದೆ ಹೇಗೋ ಸೈಕಲ್ ಎಳೆದುಕೊಂಡು ಕೆಸರು ದಾಟಿದ ಇಬ್ಬರೇ ಇದ್ದರು, ಇಬ್ಬರೂ ದೂರ ಇದ್ದರು. ಅವರನ್ನು ಹಿಡಿಯಲಿಕ್ಕಾಗಲಿಲ್ಲ. ಹಿಂದಿನವರಿಗೆ ಇವಳನ್ನು ಹಿಡಿಯಲಿಕ್ಕಾಗಲಿಲ್ಲ. ಮೂರನೆಯವಳಾಗಿ ಗೆರೆ ದಾಟಿ, ಸೈಕಲ್ ಮೇಲೇ ಬಿದ್ದುಕೊಂಡಳು. ನಾನು ಹತ್ತಿರ ಹೋದಾಗ, "ಆಯಿ, ಬಂಡಿನೂ ಇತ್ತು, ಚಕ್ಕಡಿನೂ ಇತ್ತು" ಅಂದಳು. ಆಮೇಲೆ ಅತ್ತಳು. ನೀರು ಕುಡಿ ಅಂದೆ.

ಕೋಚ್ ಬಂದು ಟೈರು ನೋಡಿದ. ಕೆಳಗೆ ಕೂತು ಬೆರಳು ಆಡಿಸಿದ.

"ಹಿಂದಿಂದು ಯಾರು ಮಾಡಿದ್ರಿ? ಭಾಳ ಸಾಫ್ ಕತ್ತರಿಸ್ಯಾರ."

ಬೀಗತಿ ಸೆರಗು ಸರಿಮಾಡಿಕೊಂಡಳು.

"ಮುಂದಿಂದು?"

ನಾನು ಕಿವಿ ಕೇಳದವಳ ಹಾಗೆ ನಿಂತೆ. ಸೊಸೆ ಏನೋ ಹೇಳಲಿಕ್ಕೆ ಬಾಯಿ ತೆರೆದಳು. ಅವಳ ಕಾಲು ತುಳಿದೆ.

ಅದೇ ಟೆಂಪೋದಲ್ಲಿ ಸಂಜೆಗೆ ಇಳಕಲ್ಲಿಗೆ ಬಂದೆವು. ಹೊರಡುವಾಗ ಬೀಗತಿ ರೊಟ್ಟಿ ಕಟ್ಟಿಕೊಟ್ಟಳು, ಶೇಂಗಾ ಚಟ್ನಿ ಕಟ್ಟಿಕೊಟ್ಟಳು, "ಇನ್ನ ಮ್ಯಾಲೆ ಫೋನ್ ಮಾಡಿದ್ರ ಪೂರಾ ಕೇಳ್ರಿ" ಅಂತ ಬುದ್ಧಿಯನ್ನೂ ಕಟ್ಟಿಕೊಟ್ಟಳು. ರಾಜ್ಯದ ಸ್ಪರ್ಧೆ ಘಟ್ಟದ ಕಡೆ ಅಂತ ದಾರಿಯಲ್ಲಿ ಹುಡುಗಿ ಹೇಳಿದಳು. ಅಲ್ಲಿ ಕೆಸರು ಬೇರೆಯಂತೆ, ಎಲೆ ಕೊಳೆತ ಕೆಸರು, ಅದರೊಳಗೆ ಗಿಡದ ಬೇರು. ಒದ್ದೆ ಬೇರಿನ ಮೇಲೆ ಯಾವ ಟೈರೂ ನಿಲ್ಲುವುದಿಲ್ಲವಂತೆ. ಬೇರು ತುಳಿದು ನಾನು ನೋಡಿಲ್ಲ, ಹಾಗಾಗಿ ಸುಮ್ಮನೆ ಕೇಳಿಸಿಕೊಂಡೆ.

ಮರುದಿನ ಬೆಳಿಗ್ಗೆ ಎದ್ದು, ಮುಖ ತೊಳೆದು, ನನ್ನ ಕೈಚೀಲ ಬಿಚ್ಚಿದೆ. ರೊಟ್ಟಿಯ ಗಂಟಿನ ಕೆಳಗೆ ಬೀಗತಿಯ ಅಡಕತ್ತರಿ ಇತ್ತು. ಅದು ಅಲ್ಲಿಗೆ ಹೇಗೆ ಬಂತು ಅಂತ ಅಡಕತ್ತರಿಯನ್ನೇ ಕೇಳಬೇಕು. ಬಾಯಿಗೆ ರಬ್ಬರು ಮೆತ್ತಿತ್ತು. ಒರಸಿದೆ, ಬಟ್ಟೆ ಒಗೆಯುವ ಕಲ್ಲಿಗೆ ನಾಲ್ಕು ಸಲ ತಿಕ್ಕಿದೆ, ಒಂದು ಅಡಿಕೆ ತೆಗೆದುಕೊಂಡು ಕೂತು ಬೀಗತಿಗೆ ಫೋನು ಹಚ್ಚಿದೆ.

"ಬೀಗತಿಯವ್ರ, ಘಟ್ಟದ ಕಡೆ ನಿಮ್ಮ ಬಳಗದವರು ಯಾರರ ಅದಾರೇನ್ರಿ?"

"ನನ್ನ ತಂಗಿ ಮಗಳನ್ನ ಕೊಟ್ಟೇವಿ. ಯಾಕ್ರಿ?"

"ಅವರ ಕಡೆ ಬಂಡಿಗೆ ಏನಂತಾರ, ಚಕ್ಕಡಿಗೆ ಏನಂತಾರ, ಬೇರಿಗೆ ಏನಂತಾರ, ಎಲ್ಲಾ ಕೇಳಿ ಇಡ್ರಿ. ಹುಡುಗಿಗೆ ಟೈರು ಆರಸಬೇಕು."

"ಕೇಳ್ತೇನಿ. ಅದಿರ್ಲಿ, ನನ್ನ ಅಡಕತ್ತರಿ ಕಾಣವಲ್ದು. ನಿಮ್ಮ ಗಂಟಿನ್ಯಾಗ ಏನರ ಬಂದೈತೇನು?"

ಕಟಕ್ ಅಂತು ಅಡಿಕೆ.

"ಏನ್ರಿ ಅದು ಸಪ್ಪಳ?"

"ಮಗ್ಗ" ಅಂದೆ.